ತಂದೆಯ ಮರಣವಾರ್ತೆ ತಲುಪಿದ್ದು 15 ವರ್ಷಗಳ ಬಳಿಕ

ಕ್ರಿ.ಶ. 1348ರಲ್ಲಿ ಇಬ್ನ್ ಬತೂತ ಪುನಃ ದಮಾಸ್ಕಸ್ ನಗರವನ್ನು ತಲುಪಿದರು. ಇಪ್ಪತ್ತು ವರ್ಷಗಳಿಗೂ ಹಿಂದೆ ಇದೇ ನಗರದಲ್ಲಿ ಅವರು ಗರ್ಭಿಣಿ ಪತ್ನಿಯನ್ನು ಬಿಟ್ಟು ಹೊರಟಿದ್ದರು. ಗಂಡುಮಗು ಜನಿಸಿದೆ ಎಂಬ ಸುದ್ದಿ ಅವರು ಭಾರತದಲ್ಲಿದ್ದಾಗ ತಲುಪಿತ್ತು. ಮಗುವಿನ ಅಜ್ಜನಿಗೆ 40 ಚಿನ್ನದ ನಾಣ್ಯಗಳನ್ನು ಕಳುಹಿಸಿಯೂ ಇದ್ದರು. ಈಗ ಅವರ ಮೊದಲ ಚಿಂತೆ ಆ ಮಗನದು. ಮಸೀದಿಗೆ ಹೋಗಿ ಪರಿಚಿತ ಇಮಾಮರೊಬ್ಬರನ್ನು ಕಂಡರು. ಅವರಿಗೆ ಇವರ ಗುರುತೇ ಹತ್ತಲಿಲ್ಲ. ಪರಿಚಯ ಹೇಳಿಕೊಂಡು ಮಗನನ್ನು ವಿಚಾರಿಸಿದಾಗ, ಆತ ತೀರಿಹೋಗಿ 12 ವರ್ಷಗಳಾದವು ಎಂಬ ಉತ್ತರ ಬಂತು. ತಮ್ಮ ಹುಟ್ಟೂರಾದ ತಂಜಾದ ವಿದ್ವಾಂಸರೊಬ್ಬರು ಅಲ್ಲಿನ ಮದ್ರಸವೊಂದರಲ್ಲಿದ್ದಾರೆಂದು ತಿಳಿದು ಅತ್ತ ನಡೆದರು. ತಂದೆ ನಿಧನರಾಗಿ 15 ವರ್ಷಗಳಾಗಿವೆ, ತಾಯಿ ಜೀವಂತವಿದ್ದಾರೆ ಎಂದು ಆ ವಿದ್ವಾಂಸರು ತಿಳಿಸಿದರು.

ಇಬ್ನ್ ಬತೂತರನ್ನು ಮಹಾನ್ ಸಾಹಸಿಯೆಂದು ಕೊಂಡಾಡುವ ನಾವು ಅವರ ಗ್ರಂಥದ ಈ ಪುಟವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತೇವೆ. 1325ರಲ್ಲಿ, ತಮ್ಮ 21ನೇ ವಯಸ್ಸಿನಲ್ಲಿ, ಜೊತೆಗಾರರಾರೂ ಇಲ್ಲದೆ ಅವರು ಮನೆ ಬಿಟ್ಟದ್ದು ಹಜ್ಜ್‌ಗಾಗಿ. ಆಗ ತಂದೆತಾಯಿ ಇಬ್ಬರೂ ಬದುಕಿದ್ದರು. ಅಗಲಿಕೆಯ ದುಃಖ ಎರಡೂ ಕಡೆಗೆ ಇತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಆ ಪಯಣ 24 ವರ್ಷ ಬೆಳೆಯುವುದೆಂದು ಆ ಮನೆಯಲ್ಲಿ ಯಾರೂ ಎಣಿಸಿರಲಾರರು.

ಅಂದು ಸುದ್ದಿ ವೇಗವಾಗಿ ಸಾಗುವ ದಾರಿಗಳು ಇರಲಿಲ್ಲವೆಂದಲ್ಲ. ಸುಲ್ತಾನ್ ಮುಹಮ್ಮದ್ ಬಿನ್ ತುಘ್ಲಕ್‌ನ ಅಂಚೆಯನ್ನು ಇಬ್ನ್ ಬತೂತ ಬೆರಗಿನಿಂದ ವರ್ಣಿಸಿದ್ದಾರೆ. ಸಿಂಧ್‌ನಿಂದ ದೆಹಲಿಗೆ 50 ದಿನಗಳ ದಾರಿ. ಅಂಚೆಯಲ್ಲಿ ಸುದ್ದಿ 5 ದಿನಗಳಲ್ಲಿ ತಲುಪುತ್ತಿತ್ತು. ಓಲೆಕಾರರು ತುದಿಗೆ ತಾಮ್ರದ ಗೆಜ್ಜೆ ಕಟ್ಟಿದ ಕೋಲನ್ನು ಹಿಡಿದು ಓಡುತ್ತಿದ್ದರು. ಆ ಸದ್ದು ಕೇಳಿದೊಡನೆ ಮುಂದಿನ ಓಲೆಕಾರ ಸಿದ್ಧನಾಗುತ್ತಿದ್ದ. ಈ ಕಾಲ್ನಡೆಯ ಅಂಚೆ ಕುದುರೆಯ ಅಂಚೆಗಿಂತಲೂ ವೇಗದ್ದಾಗಿತ್ತು. ಆದರೆ ಇದೆಲ್ಲ ಸುಲ್ತಾನನ ಕಾರ್ಯಕ್ಕೆ. ದೆಹಲಿಯಲ್ಲಿ ಖಾಝಿಯಾಗಿದ್ದ ಮಗನಿಗೆ ತಂಜಾದ ತಾಯಿ ಒಂದು ಮಾತು ಕಳುಹಿಸಬೇಕಿದ್ದರೆ ಹಜ್ಜ್ ಯಾತ್ರಿಕರನ್ನೋ ವರ್ತಕರನ್ನೋ ಕಾಯಬೇಕಿತ್ತು.

ವರ್ತಕರ ಪತ್ರಗಳು ನಮ್ಮ ಕರಾವಳಿಗೂ ಬರುತ್ತಿದ್ದವು. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿಗೆ ಅದನ್‌ನಿಂದ ಬಂದ ಪತ್ರಗಳು ಕೈರೋದ ಹಳೆಯ ಯಹೂದಿ ಮಂದಿರವೊಂದರಲ್ಲಿ ಉಳಿದುಕೊಂಡಿವೆ. ಸರಕಿನ ಜೊತೆಗೆ ಬರೆಯಲು ಕಾಗದವನ್ನೂ ಅದನ್‌ನಿಂದಲೇ ಕಳುಹಿಸುತ್ತಿದ್ದರು. ಹಡಗು ಮುಳುಗಿದರೆ ಪತ್ರವೂ ಮುಳುಗುವುದಷ್ಟೆ. ಆದ್ದರಿಂದ ಆ ಕಾಲದ ವರ್ತಕರು ಒಂದೇ ಪತ್ರದ ಪ್ರತಿಗಳನ್ನು ಬೇರೆ ಬೇರೆ ಹಡಗುಗಳಲ್ಲಿ ಕಳುಹಿಸುವುದಿತ್ತು. ಇಬ್ನ್ ಬತೂತ ಕೂಡಾ ಇದೇ ತೀರದಲ್ಲಿ ಸಂಚರಿಸಿದರು. ಹೊನ್ನಾವರದಲ್ಲಿ ಬಾಲಕಿಯರ 13 ಮತ್ತು ಬಾಲಕರ 23 ಶಾಲೆಗಳನ್ನು ಕಂಡುದಾಗಿಯೂ, ಅಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದ್ದುದಾಗಿಯೂ ಅವರು ದಾಖಲಿಸಿದ್ದಾರೆ. ಆ ಹೊತ್ತಿಗೆ ಅವರ ತಂದೆ ಗತಿಸಿ ವರ್ಷಗಳೇ ಆಗಿದ್ದವು.

ಪ್ರಯಾಣದ ಸಿದ್ಧತೆಯ ಬಗ್ಗೆ ಯೋಚಿಸುವಾಗ ನಮ್ಮ ಮನಸ್ಸು ಹಿಜ್ರಾದ ದಿನಗಳತ್ತ ಹೋಗುತ್ತದೆ. ಹ. ಅಬೂಬಕರ್(ರ) ಎರಡು ಒಂಟೆಗಳಿಗೆ 4 ತಿಂಗಳ ಕಾಲ ಮೇವು ಹಾಕಿ ಸಿದ್ಧಪಡಿಸಿದ್ದರು. ದಾರಿ ಬಲ್ಲ ಅಬ್ದುಲ್ಲಾ ಬಿನ್ ಉರೈಕಿತ್ ಎಂಬವನನ್ನು, ಅವನು ಮುಸ್ಲಿಮನಲ್ಲದಿದ್ದರೂ ನಂಬಿಗಸ್ತನೆಂದು, ಮಾರ್ಗದರ್ಶಕನಾಗಿ ಗೊತ್ತುಮಾಡಿದ್ದರು. ಮೂರು ರಾತ್ರಿ ಕಳೆದು ಸೌರ್ ಗುಹೆಯ ಬಳಿಗೆ ಬರುವಂತೆ ಅವನಿಗೆ ತಿಳಿಸಲಾಗಿತ್ತು. ಅಬೂಬಕರ್‌ರ ಪುತ್ರ ಅಬ್ದುಲ್ಲಾ(ರ) ಹಗಲೆಲ್ಲ ಕುರೈಶರ ನಡುವೆ ಇದ್ದು ಅವರ ಮಾತುಗಳಿಗೆ ಕಿವಿಗೊಟ್ಟು, ಕತ್ತಲಾದ ಮೇಲೆ ಗುಹೆಗೆ ಸುದ್ದಿ ತರುತ್ತಿದ್ದರು. ಪ್ರಾಣಾಪಾಯದ ಆ ಘಳಿಗೆಯಲ್ಲೂ ಪ್ರವಾದಿವರ್ಯರು(ಸ) ಜನರ ಅಮಾನತ್ತುಗಳನ್ನು ಮರಳಿಸಲು ಹ. ಅಲಿ(ರ)ಯವರನ್ನು ಮಕ್ಕಾದಲ್ಲಿಯೇ ಬಿಟ್ಟರು. ಅಮಾನತ್ತಿನ ಒಡೆಯರಲ್ಲಿ ಅವರ ಶತ್ರುಗಳೂ ಇದ್ದರು ಎಂಬುದನ್ನು ನಾವು ಗಮನಿಸಬೇಕು.

ವಸಿಯ್ಯತ್ ಮಾಡಬೇಕಾದುದು ಇರುವವನು ಅದನ್ನು ಬರೆದಿಡದೆ ಎರಡು ರಾತ್ರಿಗಳನ್ನು ಕಳೆಯಬಾರದು ಎಂಬ ಪ್ರವಾದಿ(ಸ) ವಚನವಿದೆ. ದೀರ್ಘಕಾಲ ಹೊರಗಿದ್ದವನು ಮುನ್ಸೂಚನೆಯಿಲ್ಲದೆ ರಾತ್ರಿ ಹೊತ್ತು ಮನೆಯ ಬಾಗಿಲು ತಟ್ಟುವುದನ್ನೂ ಅವರು ವಿರೋಧಿಸಿದರು. ಇಂದು ಜಿದ್ದಾದಲ್ಲಿ ವಿಮಾನ ಇಳಿಯುವ ಮೊದಲೇ ನಮ್ಮ ಮಕ್ಕಳು ವಾಟ್ಸ್ಆ್ಯಪ್ ತೆರೆದು ಕಾಯುತ್ತಿರುತ್ತಾರೆ. ರೋಮಿಂಗ್, ಸಿಮ್, ಚಾರ್ಜರ್‌ಗಳ ಬಗ್ಗೆ ವಾರಗಟ್ಟಲೆ ವಿಚಾರಿಸುತ್ತೇವೆ. ಯಾರಿಗೆ ಎಷ್ಟು ಸಾಲ ಕೊಡಬೇಕು, ಯಾರ ಒಡವೆ ನಮ್ಮ ಕಪಾಟಿನಲ್ಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟು ಹೊರಡುವವರು ನಮ್ಮಲ್ಲಿ ಎಷ್ಟು ಮಂದಿ?

ಇಬ್ನ್ ಬತೂತರ ಗ್ರಂಥದಲ್ಲಿ ಇನ್ನೊಂದು ಪ್ರಸಂಗವಿದೆ. ಚೀನಾದಲ್ಲಿ ಅವರಿಗೆ ಮೊರೊಕ್ಕೋದ ಸಬ್ತಾ ಊರಿನ ಅಲ್ ಬುಶ್ರಿ ಎಂಬವರು ಭೇಟಿಯಾದರು. ಊರಿನ ಹೆಸರು ಕೇಳಿದೊಡನೆ ಇಬ್ಬರೂ ಅತ್ತರು. ವರ್ಷಗಳ ಅನಂತರ ಸಹಾರಾದ ಅಂಚಿನಲ್ಲಿರುವ ಸಿಜಿಲ್ಮಾಸದಲ್ಲಿ ಅವರು ತಂಗಿದ್ದು ಅದೇ ಅಲ್ ಬುಶ್ರಿಯವರ ಸಹೋದರನ ಮನೆಯಲ್ಲಿ. ಚೀನಾದಲ್ಲಿದ್ದ ಅಣ್ಣತಮ್ಮನ ಸುದ್ದಿಯನ್ನು ಸಹಾರಾದ ಮನೆಗೆ ತಂದವರು ಹೀಗೆ ಇಬ್ನ್ ಬತೂತರೇ ಆದರು.

ತಾಯಿ ಜೀವಂತವಿದ್ದಾರೆಂಬ ಮಾತನ್ನು ಹೊತ್ತು ಅವರು ದಮಾಸ್ಕಸ್‌ನಿಂದ ಹೊರಟಾಗ ಇಡೀ ಪ್ರದೇಶವನ್ನು ಪ್ಲೇಗ್ ಮಾರಿ ಆವರಿಸುತ್ತಿತ್ತು. ಈಜಿಪ್ಟ್ ದಾಟಿ, ಮತ್ತೊಮ್ಮೆ ಹಜ್ಜ್ ನಿರ್ವಹಿಸಿ, 1349ರಲ್ಲಿ ಮೊರೊಕ್ಕೋದ ತಾಝಾ ಪಟ್ಟಣವನ್ನು ತಲುಪಿದರು. ತಾಯಿ ಪ್ಲೇಗಿಗೆ ತುತ್ತಾಗಿ ತೀರಿಕೊಂಡ ವಾರ್ತೆ ಅಲ್ಲಿ ಅವರಿಗೆ ದೊರೆಯಿತು. ಫೆಝ್‌ನಲ್ಲಿ ಸುಲ್ತಾನರನ್ನು ಕಂಡ ಬಳಿಕ ಅವರು ತಂಜಾಕ್ಕೆ ತೆರಳಿ ತಾಯಿಯ ಕಬರ್ ಸಂದರ್ಶಿಸಿದರು.