ಒಡ್ಯಾಣದ ತೂಕ

ವೈಟ್ಟಿಲದ ಬ್ಯಾಂಕಿಗೆ ಅಡವಿಗಾಗಿ ಬರುವ ಒಡವೆಗಳಲ್ಲಿ ಒಡ್ಯಾಣವೂ ಒಂದು. ಕನ್ನಡಿಗರ ‘ಡಾಬು’ ಮಲಯಾಳಿಗಳಿಗೆ ‘ಅರಪ್ಪಟ್ಟ’. ‘ಒಡ್ಯಾಣ’ವೆಂಬ ಹೆಸರಾದರೋ ಎರಡು ನುಡಿಗಳಿಗೂ ಸಮಾನ. ನಮ್ಮ ಉಡಿದಾರವೂ ಅವರ ಅರಞ್ಞಾಣವೂ ಅರ್ಥದಲ್ಲಿ ಒಂದೇ: ಸೊಂಟದ ದಾರ.

ಅಮರಕೋಶವು ಸ್ತ್ರೀಯರ ಕಟಿಭೂಷಣಕ್ಕೆ ಮೇಖಲೆ, ಕಾಂಚಿ, ಸಪ್ತಕಿ, ರಶನೆ, ಸಾರಸನ ಎಂಬ ಐದು ಹೆಸರುಗಳನ್ನು ಹೇಳಿ, ಪುರುಷರದನ್ನು ಶೃಂಖಲವೆಂದು ಬೇರೆಯಾಗಿ ಎಣಿಸಿದೆ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರು ಚೆನ್ನಕೇಶವಾಲಯದ ಮದನಿಕೆಯರ ಸೊಂಟದಲ್ಲಿ ಮಣಿಸರಗಳು ಜೋಲುವ ಮೇಖಲೆಯನ್ನು ಇಂದಿಗೂ ಕಾಣಬಹುದು.

ಕಲ್ಲಿನದು ಉಳಿಯಿತು, ಚಿನ್ನದ್ದು ಉಳಿಯುವುದು ದುರ್ಲಭ. ಒಡ್ಯಾಣವು ಅಲಂಕಾರವಷ್ಟೇ ಅಲ್ಲ, ಸ್ತ್ರೀಧನವೂ ಹೌದು, ಕಷ್ಟಕಾಲದಲ್ಲಿ ಕರಗಿಹೋಗುವಂಥದು. ತಕ್ಕಡಿಯು ತೂಕವನ್ನೂ ಒರೆಗಲ್ಲು ಅಪ್ಪಟತನವನ್ನೂ ತಿಳಿಸೀತು. ಕುಸುರಿಯ ಚರಿತ್ರೆಯನ್ನು ತಿಳಿಸದು. ಆದುದರಿಂದ ಹೊರನಾಡಿನ ನಮ್ಮವರು ಅಜ್ಜಿಯ ಡಾಬನ್ನು ಅಕ್ಕಸಾಲಿಗನಿಗೆ ಒಪ್ಪಿಸುವ ಮುನ್ನ ಅದರ ಚಿತ್ರವನ್ನೂ ಹೆಸರನ್ನೂ ಊರನ್ನೂ ದಾಖಲಿಸಿಡುವುದು ಉಚಿತ.