ಡಬ್ಬಿ ಯಾರದು?

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ಮೊದಲಿನಿಂದಲೂ ಎಲ್ಲವೂ ಮಂಜೂರಾಗಿ ಬಂದದ್ದೇ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ 1970ರ ಆಸುಪಾಸಿನಲ್ಲಿ ಸರ್ಕಾರ ಇಲ್ಲಿ ಹೊಲ ಕೊಟ್ಟಿತು, ಮನೆ ಕೊಟ್ಟಿತು, ಊರಿಗೆ ಹೆಸರಿನ ಬದಲು ನಂಬರು ಕೊಟ್ಟಿತು. ಎಡದಂಡೆ ಕಾಲುವೆಯ ನೀರೂ ಮೇಲಿನವರು ಬಿಟ್ಟಾಗಲೇ. ಟೆಲಿಫೋನು ಮಾತ್ರ ಬೇರೆ ರೀತಿ ಬಂದೀತೇ?

ಆ ಕಾಲದ ಕರಿ ಫೋನು ಬೆಂಗಳೂರಿನ ಐ.ಟಿ.ಐ.ನಲ್ಲಿ ತಯಾರಾದದ್ದು. 1948ರಲ್ಲಿ ಶುರುವಾದ ಕಾರ್ಖಾನೆ ಅದು. ಫೋನು ಇರುವುದು ನಿಮ್ಮ ಮನೆಯಲ್ಲಿ, ಒಡೆತನ ಇಲಾಖೆಯದು. ಅಮೆರಿಕದಲ್ಲೂ ಹಾಗೇ ಇತ್ತು; 1968ರ ಕಾರ್ಟರ್‌ಫೋನ್ ತೀರ್ಪು ಬಂದ ಮೇಲಷ್ಟೇ, ಜಾಲಕ್ಕೆ ಹಾನಿ ಮಾಡದ ಸಾಧನವನ್ನು ಗ್ರಾಹಕ ತಾನೇ ತಂದು ಜೋಡಿಸುವ ಹಕ್ಕು ಅಲ್ಲಿ ಸಿಕ್ಕಿತು. ನಮಗೆ ಅಷ್ಟೊತ್ತಿಗೆ ಬೇಕಾಗಿದ್ದದ್ದು ಹಕ್ಕಲ್ಲ, ಡಯಲ್ ಟೋನು. ಹಳ್ಳಿಗಳಿಗೆ ಅದನ್ನು ತಂದದ್ದು ಸಿ-ಡಾಟ್‌ನ ಪುಟ್ಟ ಎಕ್ಸ್‌ಚೇಂಜು. ಎ.ಸಿ. ಇಲ್ಲದೆ, ನಮ್ಮ ಬಿಸಿಲು ಧೂಳಿನಲ್ಲಿ ನಡೆಯುವಂತೆ ಮಾಡಿದ್ದ ಆ ಯಂತ್ರ 1986ರಲ್ಲಿ ಮೊದಲು ಕೆಲಸಕ್ಕೆ ನಿಂತದ್ದು ನಮ್ಮದೇ ಕಿತ್ತೂರಿನಲ್ಲಿ. ದೆಹಲಿಯವರು ಇದನ್ನು ನೆನೆಸುವುದು ಕಡಿಮೆ.

ನಾನು ಕ್ಯಾಂಪಿನ ರಸ್ತೆಗೆ ಎಸ್.ಟಿ.ಡಿ. ಬೂತು ಹಾಕಿದವನು. ರಾತ್ರಿ ದರ ಇಳಿದ ಮೇಲೆ ಸಾಲು ನಿಲ್ಲುತ್ತಿತ್ತು. ಕೋಲ್ಕತ್ತದಲ್ಲಿರುವ ತಂಗಿ, ಗಡಿಯಾಚೆ ಉಳಿದ ಚಿಕ್ಕಪ್ಪ. ಮಾತು ಬಂಗಾಳಿಯಲ್ಲಿ, ಕಣ್ಣು ಮೀಟರಿನ ಕೆಂಪು ಅಂಕಿಯ ಮೇಲೆ.

ಆಯ್ಕೆಯ ಮಾತು ನಿಜವಾಗಿ ಶುರುವಾದದ್ದು 2005ರಲ್ಲಿ. ಆ ವರ್ಷದ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಡೇಟಾಒನ್ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಅದೇ ತಿಂಗಳು ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಕ್ಕೆ ಲೈಸೆನ್ಸ್ ಬೇಡವೆಂದಿತು. ಹಾಗಾಗಿ ಮನೆಯೊಳಗೆ ವೈಫೈ ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಮೋಡೆಮನ್ನು ತಿಂಗಳ ಬಾಡಿಗೆಗೆ ಪಡೆಯಬಹುದು, ಇಲ್ಲವೇ ಸ್ವಂತಕ್ಕೆ ಕೊಳ್ಳಬಹುದು. ಹೊರಗಿನ ಮೋಡೆಮ್ ತಂದವರ ಮನೆಗೆ ಹೋಗಿ ನಾನು ಮೊದಲು ತುಂಬುತ್ತಿದ್ದದ್ದು ಎರಡೇ ಅಂಕಿ: ವಿ.ಪಿ.ಐ. 0, ವಿ.ಸಿ.ಐ. 35. ಲೈನು ಚೊಕ್ಕ ಇದ್ದರೆ ಡಿ.ಎಸ್.ಎಲ್. ದೀಪ ಮಿಣುಕುವುದು ಬಿಟ್ಟು ನಿಲ್ಲುತ್ತಿತ್ತು; ಆದರೆ ಇವೆರಡು ಸರಿಯಿಲ್ಲದಿದ್ದರೆ ದೀಪ ನಿಂತರೂ ಇಂಟರ್ನೆಟ್ ಬರುತ್ತಿರಲಿಲ್ಲ. ತಾಮ್ರದ ತಂತಿ ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರು ದಾಟಿದರೆ ಮಾತ್ರ ಎಂಥ ದುಬಾರಿ ಡಬ್ಬಿ ತಂದರೂ ಅಷ್ಟಕ್ಕಷ್ಟೇ. ಅಂಗಡಿಯಲ್ಲಿ ಇದನ್ನು ಹೇಳಿ ಎಷ್ಟೋ ವ್ಯಾಪಾರ ಕಳೆದುಕೊಂಡಿದ್ದೇನೆ.

ಆದರೂ ಕ್ಯಾಂಪಿನವರು ಹೆಚ್ಚಾಗಿ ಬಾಡಿಗೆಯದನ್ನೇ ಕೇಳುತ್ತಿದ್ದರು. ನಾನು ಲೆಕ್ಕ ತೋರಿಸಿ, ಸ್ವಂತದ್ದು ಅಗ್ಗ ಬೀಳ್ತದ ಅಂದಾಗ ಒಬ್ಬ ದಾದಾ ಕೇಳಿದ: "ಅಣ್ಣಾ, ಬಾಡಿಗಿ ಡಬ್ಬಿ ಸಿಡ್ಲಿಗೆ ಸುಟ್ರ ಅವ್ರು ಬ್ಯಾರೆ ಕೊಡ್ತಾರ. ನಂದು ಸುಟ್ರ ನೀ ಕೊಡ್ತೀಯೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬಯಲುಸೀಮೆಯ ಬೇಸಿಗೆ ಗುಡುಗಿಗೆ ತಂತಿಯಿಂದ ಬಂದ ಏಟು ತಿಂದ ಮೋಡೆಮುಗಳು ನನ್ನ ಮೇಜಿನ ಕೆಳಗೆ ರಾಶಿ ಬಿದ್ದಿದ್ದವು. ಬಿಚ್ಚಿದರೆ ಲೈನ್ ಸಾಕೆಟ್ಟಿನ ಹಿಂದೆಯೇ ಕರಕಲು.

ಈಗ ಫೈಬರು. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ದಾದಾನ ಹಳೆಯ ಹೆದರಿಕೆ ಬಹುಪಾಲು ಹೋಯಿತು. ಹೊಸ ತೊಡಕೆಂದರೆ, ಓ.ಎನ್.ಟಿ. ಡಬ್ಬಿಯ ಸೀರಿಯಲ್ ನಂಬರನ್ನು ಆ ಕಡೆಯವರು ತಮ್ಮ ಯಂತ್ರದಲ್ಲಿ ಸೇರಿಸದೆ ಲೈನು ಏಳುವುದಿಲ್ಲ. ಸೇರಿಸುವುದು ಹೆಚ್ಚೆಂದರೆ ಕೆಲವೇ ನಿಮಿಷದ ಕೆಲಸ. ಆದರೂ ಕೆಲವು ಕಂಪನಿಗಳು ತಾವು ಕೊಟ್ಟದ್ದೇ ಆಗಬೇಕು ಅನ್ನುತ್ತವೆ. ಅದರ ಪಾಸ್‌ವರ್ಡನ್ನೂ ಮನೆಯವರಿಗೆ ಹೇಳುವುದಿಲ್ಲ. ಕರಿ ಫೋನಿನ ಕಾಲದ ಬುದ್ಧಿ ಇದು, ಬಣ್ಣ ಮಾತ್ರ ಬಿಳಿ.

ಹೊಸ ಸಂಪರ್ಕ ತಗೊಳ್ಳುವವರಿಗೆ ನಾನು ಹೇಳುವುದಿಷ್ಟು: ಡಿಪಾಜಿಟ್ ವಾಪಸ್ ಬರುತ್ತದೆಯೋ ಇಲ್ಲವೋ ಮೊದಲೇ ಕೇಳಿ. ಓ.ಎನ್.ಟಿ. ಅವರದೇ ಇರಲಿ ಬೇಕಾದರೆ. ಅದನ್ನು ಬ್ರಿಡ್ಜ್ ಮಾಡಿಸಿ, ಹಿಂದೆ ನಿಮ್ಮ ರೂಟರ್ ಹಾಕಿಕೊಳ್ಳಿ. ಲೈನು ಎಳೆಯಲು ಬಂದ ಹುಡುಗ ಏಣಿ ಎತ್ತಿಕೊಂಡು ಹೋಗುವ ಮೊದಲು ಯೂಸರ್‌ನೇಮು, ಪಾಸ್‌ವರ್ಡು ಎರಡನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ.