ದಾರಿಯಿಲ್ಲದ ಕಡೆಗಾಗಿ ಹುಟ್ಟಿದ ವಾಹನ: ಕೊಳ್ಳುವ ಮುನ್ನ ಒಂದಿಷ್ಟು ಚರಿತ್ರೆ



ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನಮ್ಮಂಥ ಕುಟುಂಬಗಳಲ್ಲಿ ಮನೆಸಾಲ ಒಂದು ಹದಕ್ಕೆ ಬಂದು, ಮಕ್ಕಳು ಪ್ರೌಢಶಾಲೆಯ ಮೆಟ್ಟಿಲೇರುವ ಹೊತ್ತಿಗೆ ಒಂದು ಪ್ರಶ್ನೆ ತಪ್ಪದೆ ತಲೆಯೆತ್ತುತ್ತದೆ. ಈ ವಿಶಾಲವಾದ ದೇಶವನ್ನು ಡಾಂಬರು ರಸ್ತೆಯ ಅಂಚಿನಿಂದಷ್ಟೇ ನೋಡಿದರೆ ಸಾಕೇ? ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ದೊಡ್ಡ ವಾಹನವೊಂದನ್ನು ಕೊಂಡು ಮರಳುಗಾಡು, ಕಡಲತೀರ, ಹಿಮದ ಬೆಟ್ಟಗಳಿಗೆ ಹೋಗಬಾರದೇ? ನಮ್ಮ ಮನೆಯಲ್ಲಿ ಈ ಪ್ರಶ್ನೆ ಆರು ತಿಂಗಳಿನಿಂದ ಚರ್ಚೆಯಲ್ಲಿದೆ. ಮಕ್ಕಳು ಆಸೆಪಟ್ಟಿರುವ ಟೊಯೋಟಾ ಲ್ಯಾಂಡ್ ಕ್ರೂಸರ್ 300 ಶ್ರೇಣಿಯ ಹೊಸ ವಾಹನವು ನೋಂದಣಿ, ತೆರಿಗೆಗಳೆಲ್ಲ ಸೇರಿ ರಸ್ತೆಗಿಳಿಯುವಾಗ 1 ಲಕ್ಷ ಆಸ್ಟ್ರೇಲಿಯನ್ ಡಾಲರುಗಳ ಗಡಿಯನ್ನು ದಾಟುತ್ತದೆ. ಅಷ್ಟು ಹಣ ನಮ್ಮಲ್ಲಿ ಇಲ್ಲವೆಂದಲ್ಲ. ಆದರೆ ಅದು ಊರಿನಲ್ಲಿರುವ ವೃದ್ಧ ತಂದೆತಾಯಿಯರ ಆರೈಕೆಗೂ ಅವರನ್ನು ನೋಡಲು ಹೋಗಿಬರುವುದಕ್ಕೂ ಎಂದು ಎಂಟು ವರ್ಷಗಳಿಂದ ಕೂಡಿಟ್ಟ ಹಣ.

ಇಂತಹ ನಿರ್ಧಾರದ ಮುಂದೆ ನಿಂತಾಗ ಮಾರಾಟಗಾರರ ಮಾತಿಗಿಂತ ಚರಿತ್ರೆಯ ಮಾತು ಹೆಚ್ಚು ಉಪಯುಕ್ತವೆಂದು ನಮಗೆ ತೋರಿತು. ಈ ಬಗೆಯ ವಾಹನವನ್ನು ಮೊದಲು ಬಯಸಿದವರು ಯಾರು, ಯಾವ ಕೆಲಸಕ್ಕಾಗಿ ಬಯಸಿದರು ಎಂಬುದನ್ನು ತಿಳಿದರೆ, ನಮಗೆ ಅದು ಬೇಕೇ ಬೇಡವೇ ಎಂಬುದು ಸ್ವಲ್ಪ ಸ್ಪಷ್ಟವಾದೀತು.

ಮೊದಲು ಬಯಸಿದ್ದು ಸೇನೆ. ಎರಡನೆಯ ಮಹಾಯುದ್ಧ ಯುರೋಪನ್ನು ಆವರಿಸಿದ್ದ 1940ರ ಜುಲೈಯಲ್ಲಿ ಅಮೆರಿಕದ ಸೇನೆಯು 135 ಕಂಪನಿಗಳಿಗೆ ಪತ್ರ ಬರೆದು, ಕುದುರೆ ಮತ್ತು ಮೋಟಾರ್‌ಸೈಕಲ್ಲುಗಳ ಕೆಲಸವನ್ನು ಒಟ್ಟಿಗೆ ಮಾಡಬಲ್ಲ ಪುಟ್ಟ ವಾಹನವೊಂದನ್ನು ಕೇಳಿತು. ಮಾದರಿಯನ್ನು ಒಪ್ಪಿಸಲು ಕೊಟ್ಟ ಅವಧಿ 49 ದಿನ. ಬಯಸಿದ ತೂಕ ಸುಮಾರು 590 ಕಿಲೋ. ಅದನ್ನು ಯಾವ ಕಂಪನಿಯೂ ಸಾಧಿಸಲಾಗಲಿಲ್ಲ. ಅವಧಿಯೊಳಗೆ ಮಾದರಿಯನ್ನು ತಂದು ನಿಲ್ಲಿಸಿದ್ದು ಅಮೆರಿಕನ್ ಬ್ಯಾಂಟಮ್ ಎಂಬ ಚಿಕ್ಕ ಕಂಪನಿ. ಆದರೆ ದೊಡ್ಡ ಗುತ್ತಿಗೆಗಳು ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳ ಪಾಲಾದವು. ಯುದ್ಧ ಮುಗಿಯುವಷ್ಟರಲ್ಲಿ 6 ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು.

ಅದರ ಯಂತ್ರರಚನೆಯನ್ನು ಅರಿಯುವುದು ಕಷ್ಟವಲ್ಲ. ಎರಡು ಚಕ್ರಗಳಿಗೆ ಮಾತ್ರ ಚಾಲನೆಯಿರುವ ಕಾರು ಕೆಸರಿಗಿಳಿದಾಗ ಆ ಎರಡು ಚಕ್ರಗಳು ಹಿಡಿತ ತಪ್ಪಿ ಸುಮ್ಮನೆ ತಿರುಗುತ್ತವೆ. ಜೀಪಿನಲ್ಲಿ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆಯಿದ್ದು, ಅದು ಎಂಜಿನ್ನಿನ ಬಲವನ್ನು ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಹಂಚುತ್ತದೆ. ಅದರಲ್ಲಿಯೇ ಇರುವ ಲೋ ಗೇರನ್ನು ಹಾಕಿದರೆ ವೇಗ ಕುಗ್ಗಿ ಎಳೆಯುವ ಶಕ್ತಿ ಹೆಚ್ಚುತ್ತದೆ. ವಿಲ್ಲಿಸ್ ಜೀಪಿನ ಎಂಜಿನ್ನಿಗೆ ಇದ್ದದ್ದು 60 ಅಶ್ವಶಕ್ತಿ. ವಾಹನದ ತೂಕ ಸುಮಾರು 1,100 ಕಿಲೋ. ಇಂದು ನಾವು ನೋಡುತ್ತಿರುವ ವಾಹನಕ್ಕೆ 300ಕ್ಕೂ ಮಿಗಿಲಾದ ಅಶ್ವಶಕ್ತಿ, ಎರಡೂವರೆ ಟನ್ನಿನ ಆಸುಪಾಸಿನ ತೂಕ. ದಾರಿಯಿಲ್ಲದ ಕಡೆ ಸಾಗಲು ಮೂಲತಃ ಬೇಕಾದದ್ದು ಹಗುರವಾದ ಮೈ, ನಾಲ್ಕು ಚಕ್ರಗಳ ಹಿಡಿತ ಮತ್ತು ನಿಧಾನವಾದ ಬಲ. ಉಳಿದದ್ದೆಲ್ಲ ಆಮೇಲೆ ಸೇರಿದ್ದು.

ಎರಡನೆಯದಾಗಿ ಬಯಸಿದವನು ರೈತ. ಬ್ರಿಟನ್ನಿನ ರೋವರ್ ಕಂಪನಿಯ ಮುಖ್ಯ ಎಂಜಿನಿಯರಾಗಿದ್ದ ಮಾರಿಸ್ ವಿಲ್ಕ್ಸ್ ಅವರು ವೇಲ್ಸ್‌ನ ಆಂಗಲ್ಸೀ ದ್ವೀಪದಲ್ಲಿದ್ದ ತಮ್ಮ ಜಮೀನಿನಲ್ಲಿ ಯುದ್ಧದ ಹಳೆಯ ಜೀಪೊಂದನ್ನು ದುಡಿಸುತ್ತಿದ್ದರು. ಅದು ಸವೆದುಹೋದ ಮೇಲೆ ಬದಲಿಗೆ ಏನನ್ನು ಕೊಳ್ಳುವುದು ಎಂಬ ಪ್ರಶ್ನೆಯೇ ಲ್ಯಾಂಡ್ ರೋವರಿನ ಹುಟ್ಟಿಗೆ ಕಾರಣವಾಯಿತು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮಿನ ಮೋಟಾರು ಪ್ರದರ್ಶನದಲ್ಲಿ ಅದು ಹೊರಬಂದಾಗ ಬೆಲೆ 450 ಪೌಂಡ್. ಆಗ ಉಕ್ಕಿಗೆ ಪಡಿತರವಿದ್ದುದರಿಂದ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿದರು; ಯುದ್ಧವಿಮಾನಗಳಿಗೆಂದು ತಯಾರಿಸಿ ಉಳಿದಿದ್ದ ಹಸಿರು ಬಣ್ಣವನ್ನು ಬಳಿದರು. ಎಂಜಿನ್ನಿನ ಬಲದಿಂದಲೇ ಹೊಲದ ಯಂತ್ರಗಳನ್ನು ಓಡಿಸುವ ಏರ್ಪಾಡೂ ಅದರಲ್ಲಿತ್ತು. ಅದು ಕಾರಿಗಿಂತ ನೇಗಿಲಿಗೆ ಹತ್ತಿರದ ಸಂಬಂಧಿ.

ಮೂರನೆಯ ಕಥೆ ಜಪಾನಿನಲ್ಲಿ ತೊಡಗಿ ನಾವಿರುವ ಈ ನೆಲಕ್ಕೇ ಬಂದು ಸೇರುತ್ತದೆ. ಕೊರಿಯಾ ಯುದ್ಧದ ಕಾಲದಲ್ಲಿ, 1951ರಲ್ಲಿ, ಟೊಯೋಟಾ ಕಂಪನಿಯು ಬಿಜೆ ಎಂಬ ವಾಹನವನ್ನು ರೂಪಿಸಿತು. ಅದನ್ನು ಫ್ಯೂಜಿ ಪರ್ವತದ ಆರನೆಯ ತಂಗುದಾಣದವರೆಗೆ ಏರಿಸಿ ತೋರಿಸಿದ ಬಳಿಕ ಜಪಾನಿನ ಪೊಲೀಸ್ ಇಲಾಖೆ ಬೇಡಿಕೆ ಸಲ್ಲಿಸಿತು. ಜೀಪ್ ಎಂಬ ಹೆಸರಿನ ಹಕ್ಕು ಅಮೆರಿಕದವರದಾಗಿದ್ದುದರಿಂದ 1954ರಲ್ಲಿ ಇದಕ್ಕೆ ಲ್ಯಾಂಡ್ ಕ್ರೂಸರ್ ಎಂದು ನಾಮಕರಣವಾಯಿತು.

ಅದೇ ಕಾಲಕ್ಕೆ ನ್ಯೂ ಸೌತ್ ವೇಲ್ಸ್‌ನ ದಕ್ಷಿಣದ ಬೆಟ್ಟಗಳಲ್ಲಿ ಸ್ನೋಯಿ ಪರ್ವತಗಳ ಜಲವಿದ್ಯುತ್ ಯೋಜನೆ ನಡೆದಿತ್ತು. 1949ರಲ್ಲಿ ತೊಡಗಿ 1974ರಲ್ಲಿ ಮುಗಿದ ಈ ಯೋಜನೆಯಲ್ಲಿ 30ಕ್ಕೂ ಹೆಚ್ಚು ದೇಶಗಳಿಂದ ಬಂದ ಒಂದು ಲಕ್ಷಕ್ಕೂ ಮಿಕ್ಕ ಜನ ದುಡಿದರು. 121 ಮಂದಿ ಪ್ರಾಣ ತೆತ್ತರು. ವಲಸೆ ಬಂದವರ ಆಸ್ಟ್ರೇಲಿಯಾ ಎಂಬ ಮಾತಿಗೆ ಅರ್ಥ ಬಂದದ್ದು ಆ ಸುರಂಗಗಳಲ್ಲಿ. ಹಿಮ, ಕೆಸರು, ಕಡಿದಾದ ಇಳಿಜಾರುಗಳ ನಡುವೆ ಮೊದಲು ಓಡಾಡುತ್ತಿದ್ದದ್ದು ಬ್ರಿಟಿಷ್ ಲ್ಯಾಂಡ್ ರೋವರುಗಳು. 1950ರ ದಶಕದ ಕೊನೆಯಲ್ಲಿ ಲೆಸ್ಲಿ ಥೀಸ್ ಎಂಬ ಗುತ್ತಿಗೆದಾರರು ತಮ್ಮ ಕಾಮಗಾರಿಗೆ ಜಪಾನಿನಿಂದ ಲ್ಯಾಂಡ್ ಕ್ರೂಸರುಗಳನ್ನು ತರಿಸಿದರು. ಜಪಾನಿನ ವಿಮಾನಗಳು ಡಾರ್ವಿನ್ ನಗರದ ಮೇಲೆ ಬಾಂಬು ಹಾಕಿದ್ದು 1942ರ ಫೆಬ್ರವರಿಯಲ್ಲಿ. ಆ ಗಾಯ ಇನ್ನೂ ಹಸಿಯಾಗಿದ್ದಾಗ ಜಪಾನಿನ ವಾಹನವನ್ನು ಕೊಳ್ಳುವುದು ಸುಲಭದ ತೀರ್ಮಾನವಾಗಿರಲಿಲ್ಲ. ಆದರೂ ಕೆಲಸದ ಅಗತ್ಯ ಹಗೆತನವನ್ನು ಮೀರಿತು. ಇಂದು ಈ ದೇಶದ ಒಳನಾಡಿನ ಹಟ್ಟಿ, ಗಣಿ, ಚಿಕಿತ್ಸಾಲಯಗಳ ಮುಂದೆಲ್ಲ ಲ್ಯಾಂಡ್ ಕ್ರೂಸರ್ ನಿಂತಿರುವುದಕ್ಕೆ ಮೂಲ ಅಲ್ಲಿದೆ.

ವೈದ್ಯರಾದ ನಮಗೆ ಸ್ನೋಯಿ ಯೋಜನೆಯಿಂದ ಬಂದ ಇನ್ನೊಂದು ಸಂಗತಿ ಬಹು ಮುಖ್ಯವೆನಿಸುತ್ತದೆ. ಯೋಜನೆಯ ಆಯುಕ್ತರಾಗಿದ್ದ ವಿಲಿಯಂ ಹಡ್ಸನ್ ಅವರು ತಮ್ಮ ಸಂಸ್ಥೆಯ ವಾಹನಗಳಲ್ಲಿ ಸೀಟ್‌ಬೆಲ್ಟನ್ನು ಕಡ್ಡಾಯ ಮಾಡಿದರು. ವಿಕ್ಟೋರಿಯಾ ರಾಜ್ಯವು ಜಗತ್ತಿನಲ್ಲಿಯೇ ಮೊದಲಾಗಿ ಸೀಟ್‌ಬೆಲ್ಟ್ ಧರಿಸುವುದನ್ನು ಕಾನೂನು ಮಾಡಿದ್ದು ಅದಾದ ಮೇಲೆ, 1970ರ ಡಿಸೆಂಬರಿನಲ್ಲಿ. ಬೆಟ್ಟದ ದಾರಿಯಲ್ಲಿ ವಾಹನ ಎಷ್ಟು ಗಟ್ಟಿಯಾಗಿದ್ದರೂ ಒಳಗಿರುವ ದೇಹ ಗಟ್ಟಿಯಲ್ಲ ಎಂಬುದನ್ನು ಅವರು ಅರಿತಿದ್ದರು.

ನಮ್ಮ ನಾಡಿನ ಜೀಪನ್ನು ಇಲ್ಲಿ ನೆನೆಯದಿದ್ದರೆ ಲೇಖನ ಅಪೂರ್ಣವಾದೀತು. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಮುಂಬಯಿಯ ಮಹೀಂದ್ರಾ ಕಂಪನಿಯು ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲು ಕೈಹಾಕಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದ ಮೇಲೆ ಬ್ಲಾಕ್ ಅಧಿಕಾರಿಯ ಜೀಪು ಹಳ್ಳಿಗಳಿಗೆ ಸರ್ಕಾರದ ಮುಖವೇ ಆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಯೂನಿಸೆಫ್ ಸಂಸ್ಥೆ ಒದಗಿಸಿದ ಜೀಪುಗಳಲ್ಲಿ ಲಸಿಕೆ ಹೋಯಿತು, ದಾದಿಯರು ಹೋದರು. ಮಲೆನಾಡಿನಲ್ಲಿ, ಕೊಡಗಿನಲ್ಲಿ, ಮಳೆಗಾಲದಲ್ಲಿ ಬಸ್ಸು ನಿಂತ ಮೇಲೂ ಜೀಪು ಓಡುತ್ತಿತ್ತು. ಕಾಫಿ ಮೂಟೆ, ಶಾಲೆಯ ಮಕ್ಕಳು, ಸಂತೆಗೆ ಹೋಗುವವರು, ಹೆರಿಗೆ ನೋವಿನಲ್ಲಿದ್ದ ಹೆಂಗಸರು ಎಲ್ಲರಿಗೂ ಅದೇ ವಾಹನ. ಇಡೀ ಊರಿಗೆ ಒಂದೋ ಎರಡೋ ಇದ್ದರೆ ಸಾಕಾಗಿತ್ತು. ಹದಿನೈದು ಜನ ಒತ್ತಿ ಕೂರುತ್ತಿದ್ದರು. ಜೀಪು ಒಬ್ಬರ ಒಡೆತನದಲ್ಲಿದ್ದರೂ ಬಳಕೆಯಲ್ಲಿ ಊರಿನದಾಗಿತ್ತು.

ಹಾಗಾದರೆ ಈ ದುಡಿಮೆಯ ವಾಹನ ಸಿರಿತನದ ಗುರುತಾದದ್ದು ಯಾವಾಗ? ಒಂದೇ ದಿನದಲ್ಲಿ ಆದದ್ದಲ್ಲ. 1970ರಲ್ಲಿ ಬಂದ ರೇಂಜ್ ರೋವರಿನಲ್ಲಿ ಮೆತ್ತನೆಯ ಸ್ಪ್ರಿಂಗುಗಳೂ ಶಕ್ತಿಯುತವಾದ ಎಂಜಿನ್ನೂ ಇದ್ದವು. ಆದರೆ ಒಳಗಿನ ಆಸನ, ನೆಲಹಾಸುಗಳನ್ನು ನೀರು ಹಾಯಿಸಿ ತೊಳೆಯಬಹುದಿತ್ತು, ಬಾಗಿಲು ಎರಡೇ. ನಾಲ್ಕು ಬಾಗಿಲಿನ ಮಾದರಿ ಕಂಪನಿಯಿಂದ ಬಂದದ್ದು 1981ರಲ್ಲಿ. ಬಳಿಕ ತೊಗಲು, ಮರ, ಹವಾನಿಯಂತ್ರಣಗಳು ಒಂದೊಂದಾಗಿ ಸೇರಿದವು. ರೈತನ ಬದಲು ನಗರದ ಗಿರಾಕಿ ಬಂದನು. ಮೆಲ್ಬರ್ನಿನ ಸಿರಿವಂತರ ಬಡಾವಣೆಯಾದ ಟೂರಾಕಿನ ಹೆಸರಿನಲ್ಲಿ ಈ ವಾಹನಗಳನ್ನು ‘ಟೂರಾಕ್ ಟ್ರ್ಯಾಕ್ಟರ್’ ಎಂದು ಆಸ್ಟ್ರೇಲಿಯನ್ನರು ಗೇಲಿ ಮಾಡುವುದನ್ನು ನಾವೆಲ್ಲ ಕೇಳಿದ್ದೇವೆ.

ಗೇಲಿಯನ್ನು ಬದಿಗಿಟ್ಟು ತೆರಿಗೆಯ ಕಾನೂನನ್ನು ನೋಡೋಣ. ಇಲ್ಲಿ 2000ದ ಜುಲೈಯಿಂದ ಐಷಾರಾಮಿ ಕಾರುಗಳ ಮೇಲೆ ಪ್ರತ್ಯೇಕ ತೆರಿಗೆಯಿದೆ. ನಿಗದಿತ ಮಿತಿಯನ್ನು ಮೀರಿದ ಬೆಲೆಯ ಭಾಗಕ್ಕೆ 2008ರಿಂದ ಅದರ ದರ 33 ಶೇಕಡ. 2024–25ರ ಸಾಲಿನಲ್ಲಿ ಸಾಮಾನ್ಯ ಕಾರುಗಳಿಗೆ ಈ ಮಿತಿ 80,567 ಡಾಲರ್ ಆಗಿತ್ತು. ಗಮನಿಸಬೇಕಾದ ವಿಷಯವೆಂದರೆ, ಕೃಷಿಯನ್ನು ವೃತ್ತಿಯಾಗುಳ್ಳವರು ಅರ್ಹವಾದ ನಾಲ್ಕು ಚಕ್ರ ಚಾಲನೆಯ ವಾಹನವನ್ನು ಕೊಂಡರೆ ಈ ತೆರಿಗೆಯಲ್ಲಿ 10,000 ಡಾಲರಿನವರೆಗೆ ಮರಳಿ ಪಡೆಯಬಹುದು. ವಾಹನ ಅದೇ, ಕಾರ್ಖಾನೆ ಅದೇ; ಒಬ್ಬರಿಗೆ ಅದು ಉಪಕರಣ, ಇನ್ನೊಬ್ಬರಿಗೆ ವಿಲಾಸ. ವ್ಯತ್ಯಾಸವಿರುವುದು ಕೊಳ್ಳುವವರ ದಿನಚರಿಯಲ್ಲಿ ಎಂದು ಕಾನೂನೇ ಒಪ್ಪಿಕೊಂಡಿದೆ.

ಸುರಕ್ಷತೆಯ ವಾದವನ್ನೂ ಪರಿಶೀಲಿಸಬೇಕು. ‘ದೊಡ್ಡ ಗಾಡಿಯಾದರೆ ಮಕ್ಕಳು ಕ್ಷೇಮ’ ಎಂಬ ಮಾತನ್ನು ನಮ್ಮ ಬಂಧುಗಳ ಬಾಯಿಂದ ಎಷ್ಟೋ ಬಾರಿ ಕೇಳಿದ್ದೇವೆ. ಒಳಗಿರುವವರ ಮಟ್ಟಿಗೆ ಅದರಲ್ಲಿ ಸತ್ಯಾಂಶವುಂಟು. ಡಿಕ್ಕಿಯಲ್ಲಿ ಹೆಚ್ಚು ತೂಕದ ವಾಹನದವರಿಗೆ ಪೆಟ್ಟು ಕಡಿಮೆ. ಆದರೆ ಹೊರಗಿರುವವರ ಕಥೆ ಬೇರೆ. ತಗ್ಗಾದ ಕಾರು ಬಡಿದರೆ ವಯಸ್ಕ ಪಾದಚಾರಿಯ ಕಾಲಿಗೆ ಏಟು ಬಿದ್ದು, ಆತ ಬಾನೆಟ್ಟಿನ ಮೇಲೆ ಉರುಳುತ್ತಾನೆ. ಎತ್ತರದ ಮೂತಿ ಬಡಿಯುವುದು ಎದೆಗೆ, ಹೊಟ್ಟೆಗೆ, ಮಗುವಾದರೆ ತಲೆಗೆ. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ಟಿನ ಅಂಚು 40 ಅಂಗುಲಕ್ಕಿಂತ ಎತ್ತರವಿರುವ ವಾಹನಗಳು ಬಡಿದಾಗ ಪಾದಚಾರಿಯು ಸಾಯುವ ಸಂಭವ, ತಗ್ಗಾಗಿ ಇಳಿಜಾರಾಗಿರುವ ಕಾರುಗಳಿಗೆ ಹೋಲಿಸಿದರೆ, ಸುಮಾರು 45 ಶೇಕಡ ಹೆಚ್ಚು. ಶಾಲೆಯ ಮುಂದೆ, ಮನೆಯ ಅಂಗಳದಲ್ಲಿ ಇಂತಹ ವಾಹನವನ್ನು ತಿರುಗಿಸುವಾಗ ಕಣ್ಣಿಗೆ ಬೀಳದಿರುವ ಮಗು ನಮ್ಮದೂ ಆಗಿರಬಹುದು, ನೆರೆಯವರದೂ ಆಗಿರಬಹುದು.

ಇಷ್ಟನ್ನು ತಿಳಿದ ಮೇಲೆ ನಮ್ಮ ಲೆಕ್ಕವನ್ನು ಮಾಡಿದೆವು. ಕಳೆದ ಮೂರು ವರ್ಷಗಳಲ್ಲಿ ನಮ್ಮ ಕಾರು ಓಡಿದ್ದು ಸುಮಾರು 40,000 ಕಿಲೋಮೀಟರ್. ಅದರಲ್ಲಿ ಡಾಂಬರಿಲ್ಲದ ರಸ್ತೆ 700 ಕಿಲೋಮೀಟರಿಗೂ ಕಡಿಮೆ. ಅದನ್ನೆಲ್ಲ ಈಗಿರುವ ಸಾಧಾರಣ ಕಾರೇ ನಿಧಾನವಾಗಿ ದಾಟಿದೆ. ನಾಲ್ಕೂ ಚಕ್ರಗಳ ಚಾಲನೆ ನಿಜವಾಗಿ ಬೇಕಾದದ್ದು ಒಮ್ಮೆ ಮಾತ್ರ: ಹಿಂದೆ ಫ್ರೇಸರ್ ದ್ವೀಪವೆಂದು ಕರೆಯುತ್ತಿದ್ದ ಕ್‌ಗಾರಿಯ ಮರಳಿನ ಮೇಲೆ, ಎರಡು ದಿನ. ಅಲ್ಲಿ ಬಾಡಿಗೆಯ ವಾಹನ ಪಡೆದಿದ್ದೆವು. ಮೂರು ವರ್ಷಗಳಲ್ಲಿ ಎರಡು ದಿನ ಬೇಕಾದ ಉಪಕರಣಕ್ಕೆ 1 ಲಕ್ಷ ಡಾಲರ್ ಕೊಡುವುದು, ಮೇಲೆ ವಿಮೆ, ಟೈರು, ಇಂಧನ, ವರ್ಷವರ್ಷವೂ ಇಳಿಯುವ ಮರುಮಾರಾಟದ ಬೆಲೆಗಳನ್ನು ಹೊರುವುದು ನಮಗೆ ಸರಿಯೆನಿಸಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹಣದ ಕೊರತೆಗೆ ಅನ್ವಯಿಸುವುದು ರೂಢಿ. ಹಾಸಿಗೆ ಉದ್ದವಾಗಿರುವಾಗಲೂ ಅದರಲ್ಲಿ ಮಲಗಬೇಕಾದವರು ಇನ್ನೂ ಯಾರಿದ್ದಾರೆಂದು ನೋಡಬೇಕಾಗುತ್ತದೆ.

ಇದು ಎಲ್ಲರಿಗೂ ಒಪ್ಪುವ ತೀರ್ಪೆಂದು ನಾವು ಹೇಳುವುದಿಲ್ಲ. ನಮ್ಮ ಪರಿಚಯದ ಕನ್ನಡಿಗ ವೈದ್ಯರೊಬ್ಬರು ಕ್ವೀನ್ಸ್‌ಲ್ಯಾಂಡಿನ ಪಶ್ಚಿಮದ ಸಣ್ಣ ಊರಿನಲ್ಲಿ ಕೆಲಸ ಮಾಡುತ್ತಾರೆ. ಮಳೆ ಬಂದರೆ ಅವರ ಚಿಕಿತ್ಸಾಲಯದ ದಾರಿ ಕಪ್ಪು ಮಣ್ಣಿನ ಕೆಸರಾಗುತ್ತದೆ. ಅವರು ತಮ್ಮ ಲ್ಯಾಂಡ್ ಕ್ರೂಸರನ್ನು ಸಾಲ ಮಾಡಿ ಕೊಂಡರು. ನಾವಾಗಿದ್ದರೂ ಹಾಗೆಯೇ ಮಾಡುತ್ತಿದ್ದೆವು. ಅವರು ಆರಿಸಿದ್ದು 1984ರಲ್ಲಿ ಹುಟ್ಟಿ ಇಂದಿಗೂ ತಯಾರಾಗುತ್ತಿರುವ 70ರ ಶ್ರೇಣಿಯ ಒರಟು ಮಾದರಿಯನ್ನು ಎಂಬುದನ್ನೂ ಹೇಳಬೇಕು. ಇನ್ನು ನಿವೃತ್ತಿಯಾದ ದಂಪತಿಗಳು ವರ್ಷದ ಅರ್ಧಭಾಗ ಒಳನಾಡಿನಲ್ಲಿ ಕಳೆಯುವುದಾದರೆ ಅವರ ಲೆಕ್ಕವೂ ಬೇರೆಯಾದೀತು. ಸಂತೋಷಕ್ಕಾಗಿ ಕೊಳ್ಳುವುದೂ ತಪ್ಪಲ್ಲ, ಅದನ್ನು ಅಗತ್ಯವೆಂದು ಕರೆದುಕೊಳ್ಳದಿದ್ದರೆ.

ನಮ್ಮ ಮಕ್ಕಳಿಗೆ ನಿರಾಸೆಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಅವರೊಡನೆ ಮಾಡಿಕೊಂಡ ಒಪ್ಪಂದದಂತೆ ಪ್ರತಿ ಎರಡು ವರ್ಷಕ್ಕೊಮ್ಮೆ ಒಂದು ವಾರ ಬಾಡಿಗೆಯ ವಾಹನದಲ್ಲಿ ಒಳನಾಡಿಗೆ ಹೋಗುವುದು, ಮೊದಲ ಪ್ರಯಾಣ ಸ್ನೋಯಿ ಪರ್ವತಗಳಿಗೆ. ಕೂಡಿಟ್ಟ ಹಣ ಇದ್ದಲ್ಲಿಯೇ ಇರುತ್ತದೆ. ಬರುವ ಡಿಸೆಂಬರಿನಲ್ಲಿ ಅಜ್ಜಿಯ ಮಂಡಿಯ ಶಸ್ತ್ರಚಿಕಿತ್ಸೆಗೆ ನಾವು ನಾಲ್ವರೂ ಊರಿಗೆ ಹೋಗಿ ಆರು ವಾರ ಅವರ ಜೊತೆ ಇರುವುದೆಂದು ನಿಶ್ಚಯವಾಗಿದೆ. ಟಿಕೆಟುಗಳನ್ನು ಕಾಯ್ದಿರಿಸಿದ್ದೇವೆ.